ಆರದ ಮೇಜು

ನಾನು ಹಾಗೆಲ್ಲ ಹೆದರುವ ಆಸಾಮಿಯಲ್ಲ. ತೀರಿಹೋದ ಅಣ್ಣನ ಹಳೇ ಕಂಪ್ಯೂಟರನ್ನು ಫೋಟೊ ಸ್ಟುಡಿಯೋದವರಿಗೆ ಮಾರಿ, ಹೊಸ ಲ್ಯಾಪ್‌ಟಾಪ್ ಕೊಂಡೆ. ಹಳೆಯದರ ಸಿಪಿಯು ಡಬ್ಬ ಕೆಂಡದ ಹಾಗೆ ಕಾಯುತ್ತಿತ್ತು. ಅಣ್ಣ ಚಹಾದ ಲೋಟವನ್ನು ಅದರ ಮೇಲೇ ಇಟ್ಟು, ಅರ್ಧ ಕುಡಿದು ಮರೆಯುತ್ತಿದ್ದ.

ಮರುದಿನ ಸ್ಟುಡಿಯೋದವರು ಫೋನ್ ಮಾಡಿದರು. "ನಿನ್ನೆಯಿಂದ ಓಡ್ತಿದೆ, ಡಬ್ಬ ಮಾತ್ರ ಮಂಜುಗಡ್ಡೆ ಥರ ತಣ್ಣಗಿದೆ. ಮೊದ್ಲಿಂದ್ಲೂ ಹೀಗೇನಾ ಸರ್?"

ಡಬ್ಬವಿದ್ದ ಮೇಜಿನ ಮೇಲೆ ಕೈಯಿಟ್ಟೆ. ಬರೀ ಮರ ಕೈ ಸುಡುತ್ತಿತ್ತು. ಲ್ಯಾಪ್‌ಟಾಪ್ ಇನ್ನೂ ಬ್ಯಾಗಿನಲ್ಲೇ ಇತ್ತು.

ನೋಡೇಬಿಡೋಣವೆಂದು ಅಲ್ಲೇ ಒಂದು ಲೋಟ ತುಂಬ ಚಹಾ ಇಟ್ಟೆ.

"ಭಾವನ ಚಾಳಿ ನಿಮಗೂ ಅಂಟ್ಕೊಳ್ತಾ?" ಎಂದಳು ಹೆಂಡತಿ.

ಮನೆಯಲ್ಲಿರುವುದು ನಾವಿಬ್ಬರೇ. ಬೀಗ ಹಾಕಿಕೊಂಡು ಕೆಲಸಕ್ಕೆ ಹೋದೆವು. ಸಂಜೆ ಬಂದು ಬೀಗ ತೆಗೆದಾಗ ಚಹಾ ಹಬೆಯಾಡುತ್ತಲೇ ಇತ್ತು. ಲೋಟದಲ್ಲಿ ಉಳಿದಿದ್ದು ಅರ್ಧ.