ಪರೀಕ್ಷೆಯಾಗದ ಹಗ್ಗ

ಅಮ್ಮನಿಗೆ ಮಾತು ಕೊಟ್ಟಾಗ ನನಗೆ ಹನ್ನೊಂದು ವರ್ಷ. ಅಪ್ಪನನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತು, ಬೈಬಲನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಕೈಯನ್ನು ಅದರ ಮೇಲೆ ಒತ್ತಿ ಹಿಡಿದಳು.

“ಹಗ್ಗ ನಂಬಿ ಬದುಕೋನನ್ನ ಮದುವೆ ಆಗಲ್ಲ ಅಂತ ಹೇಳು.”

“ಆಗಲ್ಲ.”

“ಪೂರ್ತಿ ಹೇಳು.”

ಪೂರ್ತಿ ಹೇಳಿದೆ. ಅಪ್ಪ ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುತ್ತಿದ್ದ. ಅವನ ಹಗ್ಗ ಹಳೆಯದಾಗಿತ್ತು. ಆದರೂ ‘ಸರಿಯಿದೆ’ ಎಂದು ಕಂಪನಿಯ ಪುಸ್ತಕದಲ್ಲಿ ಯಾರೋ ಸಹಿ ಹಾಕಿದ್ದರು.

ಆಮೇಲೆ ನಮ್ಮ ಮನೆಯ ಬೈಬಲ್ ಸರಿಯಾಗಿ ಮುಚ್ಚಲೇ ಇಲ್ಲ. ವಿಮೆ ಕಾಗದ, ಮನೆ ಪತ್ರ, ಶಾಲೆಯಲ್ಲಿ ಅಮ್ಮನ ಆಯಾ ಕೆಲಸ ಖಾಯಂ ಆದ ಆದೇಶ, ಎಲ್ಲ ಅದರೊಳಗೇ. ಭಾನುವಾರ ಪಾಸ್ಟರು ಕೀರ್ತನೆ ತೆಗೆಯಿರಿ ಎಂದಾಗ ಅಮ್ಮ ಮೊದಲು ವಿಮೆಯನ್ನು ತೆಗೆದು ಪಕ್ಕಕ್ಕಿಡಬೇಕಾಗುತ್ತಿತ್ತು.

ದೊಡ್ಡವಳಾಗಿ ನಾನು ಸೇರಿದ್ದು ಹಗ್ಗದ ಕಾರ್ಖಾನೆಗೆ. ಹೊಸೆಯುವುದಕ್ಕಲ್ಲ, ಹರಿದುಹಾಕುವುದಕ್ಕೆ. ಒಟ್ಟಿಗೆ ಹೊಸೆದ ಪ್ರತಿ ಕಂತಿನಿಂದ ಒಂದು ತುಂಡು ನನ್ನ ಕೋಣೆಗೆ ಬರುತ್ತದೆ. ಎರಡು ತುದಿಯನ್ನೂ ಮೆಷಿನ್ನಿಗೆ ಕಚ್ಚಿಸಿ, ಅದು ಕಿತ್ತುಹೋಗುವ ತನಕ ಎಳೆಯಬೇಕು. ಎಷ್ಟಕ್ಕೆ ಹರಿಯಿತು ಎಂದು ಬರೆದಿಡಬೇಕು. ಜೊತೆಯವರು ನನಗಿಟ್ಟ ಹೆಸರು ಹರಕಮ್ಮ.

ಅವನು ಬಂದದ್ದು ಒಂದು ಮಂಗಳವಾರ. ಕೈಯಲ್ಲಿ ಮೂರು ಮೀಟರಿನ ಹಗ್ಗ, ಸೊಂಟದ ಪಟ್ಟಿಗೆ ಕಟ್ಟಿಕೊಳ್ಳುವಂಥದ್ದು. ಎತ್ತರದ ಕಟ್ಟಡಗಳ ಗಾಜು ಒರೆಸುವ ಕೆಲಸ ಅವನದು.

“ಮೇಡಂ, ಇದು ಚೆನ್ನಾಗಿದೆಯಾ ಅಂತ ಸ್ವಲ್ಪ ನೋಡಿಕೊಡ್ತೀರಾ?”

“ಕೂತ್ಕೊಳ್ಳಿ.”

ಅವನು ಬೆಂಚಿನ ಮೇಲೆ ಕೂತ. ನಾನು ಕಣ್ಣಿಗೆ ಎಳೆ ಸಿಡಿಯದಂತೆ ದಪ್ಪ ಕನ್ನಡಕ ಹಾಕಿಕೊಂಡು ಗುಂಡಿ ಒತ್ತಿದೆ. ಹಗ್ಗ ತಂತಿಯಂತೆ ಬಿಗಿಯಿತು, ಕಿರುಗುಟ್ಟಿತು, ಆಮೇಲೆ ಪಟಾಕಿಯಂಥ ಸದ್ದು. ಅವನು ಎದ್ದೇ ನಿಂತ.

“ತುಂಬ ಚೆನ್ನಾಗಿತ್ತು,” ಎಂದೆ. “ಇಪ್ಪತ್ತು ಜನ ನೇತಾಡಿದ್ರೂ ತಡೀತಿತ್ತು.”

“ಚೆನ್ನಾಗಿತ್ತಾ?”

“ಹೂಂ.”

“ಈಗ?”

“ಈಗ ಇಲ್ಲ.”

ಎರಡು ತುಂಡುಗಳನ್ನೂ ಅವನ ಕೈಗಿಟ್ಟೆ. ಅವನು ಒಮ್ಮೆ ಈ ಕೈ, ಒಮ್ಮೆ ಆ ಕೈ ನೋಡಿದ. ಆಮೇಲೆ ನನ್ನ ಕಡೆ ನೋಡಿದ. ನನ್ನ ಒಂಬತ್ತು ವರ್ಷದ ಸರ್ವೀಸಿನಲ್ಲಿ ಯಾರೂ ಇಷ್ಟು ಮುಗ್ಧವಾಗಿ ತಮ್ಮ ಹಗ್ಗವನ್ನೇ ತಂದು ಕೊಟ್ಟಿರಲಿಲ್ಲ. ತುಟಿ ಕಚ್ಚಿಕೊಂಡರೂ ನಗು ತಡೆಯಲಾಗಲಿಲ್ಲ.

“ನಗಿ, ನಗಿ. ನಾಳೆ ಹದಿನಾಲ್ಕನೇ ಮಹಡಿಯಲ್ಲಿ ನಾನು ಹಲ್ಲಲ್ಲಿ ಕಚ್ಕೊಂಡು ನೇತಾಡ್ತೀನಿ.”

“ಕೇಳ್ಬಾರ್ದಾಗಿತ್ತಾ ಮೊದಲೇ?”

“ನೀವು ಹೇಳ್ಬಾರ್ದಾಗಿತ್ತಾ?” ಎಂದ. ತುಂಡುಗಳ ತುದಿಯನ್ನು ಬೆರಳಲ್ಲಿ ಉಜ್ಜಿದ. “ಅಂದ್ರೆ, ನಾನು ನೇತಾಡೋ ಹಗ್ಗ ಯಾವತ್ತೂ ಪರೀಕ್ಷೆ ಆಗದೇ ಇರೋದೇ. ಅಲ್ವಾ?”

ಒಂಬತ್ತು ವರ್ಷದಲ್ಲಿ ಈ ಮಾತು ನನಗೇ ಹೊಳೆದಿರಲಿಲ್ಲ.

ಆಮೇಲೆ ಅವನಿಗೆ ಕಾರ್ಖಾನೆಯಲ್ಲಿ ಆಗಾಗ ಕೆಲಸ ಬೀಳತೊಡಗಿತು. ಕೊಕ್ಕೆ ಬೇಕು, ಪಟ್ಟಿ ಬೇಕು, ಬೆಲೆ ಎಷ್ಟು. ಎಲ್ಲ ಪ್ರಶ್ನೆಗೂ ಉತ್ತರ ಕೊಡುವ ಕೌಂಟರು ಮುಂದಿನ ಬಾಗಿಲಲ್ಲಿತ್ತು. ಅವನು ಮಾತ್ರ ಹಿಂದಿನ ಬಾಗಿಲಿಗೆ ಬರುತ್ತಿದ್ದ. “ಹರಕಮ್ಮ, ನಿನ್ನ ಗಾಜಿನೋರು ಬಂದ್ರು,” ಎಂದು ಹೊಸೆಯುವ ಕಡೆಯ ಅಕ್ಕಂದಿರು ಕೂಗುತ್ತಿದ್ದರು. ನಾನು ಸುಮ್ಮನೆ ಕನ್ನಡಕ ಹಾಕಿಕೊಂಡುಬಿಡುತ್ತಿದ್ದೆ. ಅದರ ಹಿಂದೆ ಕಣ್ಣು ಎಲ್ಲಿ ನೋಡುತ್ತಿದೆ ಎಂದು ಯಾರಿಗೂ ಕಾಣದು.

“ನನಗೆ ಕಾಣುತ್ತೆ,” ಎಂದ ಒಂದು ದಿನ. “ಗಾಜಿನಾಚೆ ನೋಡೋದೇ ನನ್ನ ಕೆಲಸ.”

ಅವನು ಪ್ರತಿ ದಿನ ಕಟ್ಟಡದಂಚಿನಲ್ಲಿ ನಿಂತು ಪ್ರಾರ್ಥಿಸಿಯೇ ಇಳಿಯುತ್ತಾನೆ ಎಂದು ಗೊತ್ತಾದಾಗ ಕೆಣಕಿದೆ.

“ಅಷ್ಟು ನಂಬಿಕೆ ಇರೋರು ಗಂಟು ಯಾಕೆ ಮೂರ್ ಮೂರು ಸಲ ನೋಡ್ತೀರಿ?”

“ಗಂಟು ನೋಡೋದು ನನ್ನ ಪಾಲಿನ ಕೆಲಸ, ಅದನ್ನ ದೇವರ ತಲೆಗೆ ಕಟ್ಟೋಕಾಗುತ್ತಾ?” ನಗುತ್ತಿದ್ದವನು ಗಂಭೀರನಾದ. “ಎಲ್ಲಾ ನೋಡಿ ಆದ್ಮೇಲೆ ಕಾಲು ಎತ್ತೋದು ಅಂತ ಒಂದಿದೆಯಲ್ಲ. ಅದಕ್ಕೆ ಗಂಟು ಸಾಲಲ್ಲ.”

ಮದುವೆಯ ಮಾತನ್ನು ಅವನೇ ಎತ್ತಿದ, ಬಸ್ ಸ್ಟಾಪಿನಲ್ಲಿ, ನನ್ನ ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡ ಮೇಲೆ. ಉತ್ತರ ಹೇಳಲು ಅರ್ಧ ನಿಮಿಷವೂ ಇರಲಿಲ್ಲ. ಆ ಬಸ್ಸನ್ನೂ ಅದರ ಮುಂದಿನದನ್ನೂ ಬಿಟ್ಟು, ಅಪ್ಪನ ಕಥೆ ಹೇಳಿದೆ. ಅಮ್ಮನಿಗೆ ಕೊಟ್ಟ ಮಾತನ್ನೂ ಹೇಳಿದೆ.

ಅವನು ತನ್ನ ಅಂಗೈ ನೋಡಿಕೊಂಡ. ಹಗ್ಗ ಜಾರಿ ಸುಟ್ಟ ಗೆರೆಯೊಂದು ಅಲ್ಲಿ ಅಡ್ಡಲಾಗಿ ಇತ್ತು.

“ಕಂಪನಿಯಲ್ಲಿ ಸೂಪರ್‌ವೈಸರ್ ಜಾಗ ಖಾಲಿ ಇದೆ. ನೆಲದ ಮೇಲಿನ ಕೆಲಸ, ಖಾಯಂ. ಕೇಳಿ ನೋಡ್ತೀನಿ.”

ಅವನಿಗೆ ಅದು ಸಿಕ್ಕಿತು. ಆದೇಶದ ಕಾಗದ ಹಿಡಿದು ಮನೆಗೆ ಬಂದ. ಅಮ್ಮ ಅವನ ಮುಖವನ್ನು ಒಮ್ಮೆ, ಕಾಗದವನ್ನು ಎರಡು ಸಲ ನೋಡಿದಳು. ಆಮೇಲೆ ಕಾಗದವನ್ನು ಮಡಚಿ ಬೈಬಲಿನೊಳಗೆ ಸೇರಿಸಲು ಹೋದಳು.

“ಅಮ್ಮಾ, ಅದು ಅವರದು!”

“ಇರ್ಲಿ ಬಿಡೇ. ಇಲ್ಲಿದ್ರೆ ಎಲ್ಲೂ ಹೋಗಲ್ಲ,” ಎಂದಳು. ಅಪ್ಪ ಹೋದ ಮೇಲೆ ಅಮ್ಮ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಮದುವೆಯ ತಾರೀಕು ನಿಗದಿಯಾಯಿತು.

ಅವನು ಹೊಸ ಕೆಲಸಕ್ಕೆ ಸೇರಿದ ಹನ್ನೆರಡನೆಯ ದಿನ ಮಧ್ಯಾಹ್ನ ಅವನು ಮತ್ತೆ ಹಿಂದಿನ ಬಾಗಿಲಲ್ಲಿ ನಿಂತಿದ್ದ. ಸೂಪರ್‌ವೈಸರಿನ ಬಿಳಿ ಶರ್ಟು ಇರಲಿಲ್ಲ, ಹಳೆಯ ನೀಲಿ ಅಂಗಿ.

“ಕೆಲಸ ಬಿಟ್ಟೆ. ಅಥವಾ ಅವರೇ ಬಿಡಿಸಿದ್ರು. ಎರಡೂ ಒಂದೇ.”

ಸ್ಟೋರಿನಲ್ಲಿ ನಲವತ್ತು ಹಗ್ಗಗಳ ಅವಧಿ ಮುಗಿದಿತ್ತಂತೆ. ಹೊಸದು ಬರುವ ತನಕ ನಡೆಯಲಿ, ಸರಿಯಿದೆ ಎಂದು ಪುಸ್ತಕದಲ್ಲಿ ಸಹಿ ಹಾಕು ಎಂದರಂತೆ ಮ್ಯಾನೇಜರು. ಇವನು ಪೆನ್ನು ಮುಚ್ಚಿಟ್ಟು ಎದ್ದು ಬಂದಿದ್ದ.

ಅಮ್ಮನ ನಗು, ಚರ್ಚಿನ ತಾರೀಕು, ಎಲ್ಲ ಒಮ್ಮೆಗೇ ಕುಸಿಯಿತು.

“ಒಂದು ಸಹಿ!” ಎಂದು ಕಿರುಚಿಬಿಟ್ಟೆ. “ಒಂದೇ ಒಂದು ಸಹಿ ಹಾಕಿದ್ರೆ ಏನಾಗ್ತಿತ್ತು?”

ಅವನು ಸಿಟ್ಟಾಗಲಿಲ್ಲ. ನನ್ನನ್ನೇ ನೋಡುತ್ತ, ತೀರ ಮೆಲ್ಲಗೆ ಹೇಳಿದ.

“ಏನಾಗುತ್ತೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಮೊದಲ ಸಲ ನನ್ನನ್ನು ನೀನು ಎಂದಿದ್ದ. ನಾನು ಕನ್ನಡಕ ಹಾಕಿಕೊಂಡು ಗೋಡೆಗೆ ತಿರುಗಿದೆ. ಅವನು, “ನಿಮ್ಮಮ್ಮನಿಗೆ ತೋರಿಸೋಕೆ ನನ್ನ ಹತ್ರ ಇನ್ನು ಒಂದು ಕಾಗದಾನೂ ಇಲ್ಲ. ಕರ್ತನು ನಡೆಸ್ತಾನೆ ಅನ್ನೋ ನಂಬಿಕೆ ಇದೆ, ಅಷ್ಟೆ. ಅದನ್ನ ನಾನು ಯಾರಿಗೂ ಎಳೆದು ತೋರಿಸೋಕಾಗಲ್ಲ,” ಎಂದು ಹೊರಟುಹೋದ.

ಮೂರು ವಾರ ಬರಲಿಲ್ಲ. ಎರಡು ಕಟ್ಟಡಗಳ ಗಾಜಿನ ಕೆಲಸ ಸ್ವಂತಕ್ಕೆ ಹಿಡಿದಿದ್ದಾನೆ, ಹೊಸ ಹಗ್ಗ ನಮ್ಮ ಕೌಂಟರಿನಿಂದಲೇ ಕೊಂಡುಹೋದ ಎಂದು ಅಕ್ಕಂದಿರು ಹೇಳಿದರು. ಮುಂದಿನ ಬಾಗಿಲಿಗೆ ಬಂದು ಹೋಗಿದ್ದ. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು.

ಅವನು ಕೊಂಡ ಹಗ್ಗದ ಕಂತಿನ ತುಂಡನ್ನು ನಾನೇ ಹರಿದಿದ್ದೆ. ಹಳೆಯ ಹಾಳೆ ತೆಗೆದು ಅಂಕಿಯನ್ನು ನಾಲ್ಕು ಸಲ ನೋಡಿದೆ. ಒಳ್ಳೆಯ ಅಂಕಿ. ಆದರೂ ಅದು ಅವನ ಹಗ್ಗದ್ದಲ್ಲ, ಅದರ ಪಕ್ಕದ ತುಂಡಿನದು.

ಶನಿವಾರ ಬೆಳಿಗ್ಗೆ ರಜೆ ಹಾಕಿ, ಅವತ್ತು ಅವನ ಕೆಲಸವಿದ್ದ ಕಟ್ಟಡಕ್ಕೆ ಹೋದೆ. ಲಿಫ್ಟು ನಿಂತ ಮೇಲೆ ಎರಡು ಸಾಲು ಮೆಟ್ಟಿಲು ಹತ್ತಿ ತಾರಸಿಗೆ ಬಂದಾಗ, ಅವನು ಬೆನ್ನು ತಿರುಗಿಸಿ, ಟೋಪಿ ಕೈಯಲ್ಲಿ ಹಿಡಿದು ಅಂಚಿನ ಹತ್ತಿರ ನಿಂತಿದ್ದ. ಪ್ರಾರ್ಥನೆ ಮುಗಿಯುವ ತನಕ ಕಾದೆ.

“ಏನು ಕೇಳಿಕೊಂಡ್ರಿ?”

ಅವನು ಬೆಚ್ಚಿ ತಿರುಗಿದ. “ಹಿಂದಿನಿಂದ ಹೀಗೆ ಮಾತಾಡಿಸ್ತಾರಾ? ಹಗ್ಗ ಉಳಿಸಿದ್ರೂ ನೀನು ಉಳಿಸಲ್ಲ.”

“ಏನು ಕೇಳಿಕೊಂಡ್ರಿ, ಹೇಳಿ.”

“ಏನೂ ಕೇಳಲ್ಲ. ನಾನು ನಿನ್ನವನು ಅಂತ ಹೇಳ್ತೀನಿ, ಅಷ್ಟೆ.”

“ಬೀಳಬಾರದು ಅಂತ ಕೇಳಲ್ವಾ?”

“ಮೊದಮೊದಲು ಕೇಳ್ತಿದ್ದೆ.” ಟೋಪಿ ಹಾಕಿಕೊಂಡ. “ನಿಮ್ಮಪ್ಪನೂ ಕೇಳಿಕೊಂಡಿರ್ತಾರಲ್ವಾ. ಅವರನ್ನ ದೇವರು ಕೈಬಿಟ್ಟ ಅಂತ ನಾನು ಅಂದ್ಕೊಳ್ಳೋಕಾಗಲ್ಲ. ಬಿದ್ರೂ ಅವರು ಅವನ ಕೈಯಲ್ಲೇ. ಹಾಗಂದ್ಮೇಲೆ ನಾನೂ ಅಷ್ಟೇ.”

ಅಪ್ಪನ ಬಗ್ಗೆ ಇಷ್ಟು ವರ್ಷದಲ್ಲಿ ಯಾರೂ ನನಗೆ ಹೀಗೆ ಹೇಳಿರಲಿಲ್ಲ. ಎಚ್ಚರವಾಗಿರಬೇಕಿತ್ತು ಎಂದಿದ್ದರು. ವಿಮೆ ಇತ್ತಾ ಎಂದು ಕೇಳಿದ್ದರು.

ಅವನು ಗಂಟನ್ನು ಮೂರು ಸಲ ನೋಡಿದ. ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಕಾಲೆತ್ತಿದ.

ನಾನು ಕಣ್ಣು ಮುಚ್ಚಲಿಲ್ಲ. ಹಗ್ಗ ತಂತಿಯಂತೆ ಬಿಗಿಯಿತು, ಕಿರುಗುಟ್ಟಿತು. ಮುಂದಿನ ಸದ್ದಿಗಾಗಿ ನನ್ನ ಮೈಯೆಲ್ಲ ಕಾದು ನಿಂತಿತು. ಅದು ಬರಲಿಲ್ಲ. ಗಾಜಿನ ಮೇಲೆ ಒದ್ದೆ ಬಟ್ಟೆ ಕೀಚು ಕೀಚೆನ್ನುವುದು ಮಾತ್ರ ಕೇಳಿಸಿತು, ಜೊತೆಗೆ ಅವನು ಗುನುಗುವ ಹಾಡು. ಒಂಬತ್ತು ವರ್ಷ ನಾನು ಹಗ್ಗ ಹರಿಯುವುದನ್ನೇ ನೋಡಿದ್ದೆ. ಹಗ್ಗ ಮನುಷ್ಯನನ್ನು ಹಿಡಿದು ನಿಲ್ಲುವುದನ್ನು ನೋಡಿರಲಿಲ್ಲ.

ಅಲ್ಲೇ ಬಿಸಿ ಸಿಮೆಂಟಿನ ಮೇಲೆ ಮೊಣಕಾಲೂರಿದೆ. ಕೇಳುವುದಕ್ಕೆ ಬಾಯಿ ತೆರೆದೆ, ಕೇಳಲಿಲ್ಲ. ನಾನು ನಿನ್ನವಳು, ಎಂದೆ.

ಅವನು ಮೇಲೆ ಬಂದಾಗ ಅಂಗಿಯೆಲ್ಲ ಸೋಪಿನ ನೀರು.

“ತಾರೀಕು ಅದೇ ಇರಲಿ,” ಎಂದೆ.

“ನಿಮ್ಮಮ್ಮ?”

“ನಾನು ಹೇಳ್ತೀನಿ.”

ಅವನು ಸುಟ್ಟ ಗೆರೆಯ ಕೈ ಚಾಚಿದ. ಹಿಡಿದುಕೊಂಡೆ. ಒದ್ದೆಯಾಗಿತ್ತು, ಒರಟಾಗಿತ್ತು, ನಡುಗುತ್ತಿತ್ತು. “ಇದೇನು, ಅಲ್ಲಿ ನಡುಗದ ಕೈ ಇಲ್ಲಿ?” ಎಂದರೆ, “ಇಲ್ಲಿ ಗಂಟು ನೋಡ್ಕೊಳ್ಳೋಕೆ ಬಿಡಲಿಲ್ಲವಲ್ಲ ನೀನು,” ಎಂದ.

ಅಮ್ಮನಿಗೆ ಅಡುಗೆಮನೆಯಲ್ಲೇ ಹೇಳಿದೆ. ಸಹಿಯ ವಿಷಯವನ್ನೂ ಮುಚ್ಚಿಡಲಿಲ್ಲ. ಅವಳು ಹೆಚ್ಚುತ್ತಿದ್ದ ಈರುಳ್ಳಿಯನ್ನು ಅಲ್ಲಿಗೇ ಬಿಟ್ಟಳು.

“ಸಹಿ ಹಾಕಲ್ಲ ಅಂದನಾ?”

“ಹೂಂ.”

“ಅವತ್ತು ನಿಮ್ಮಪ್ಪನ ಹಗ್ಗಕ್ಕೆ ಸಹಿ ಹಾಕಿದೋನಿಗೆ ಖಾಯಂ ಕೆಲಸ ಇತ್ತು ಕಣೇ,” ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡು, “ಆದ್ರೂ ನೀನು ಮಾತು ಕೊಟ್ಟಿದ್ದೀಯ. ನಾನು ವಾಪಸ್ ತಗೊಳ್ಳಲ್ಲ. ಅಷ್ಟು ಧೈರ್ಯ ನನಗಿಲ್ಲ,” ಎಂದಳು.

“ಗೊತ್ತಮ್ಮ.”

“ಅಳ್ತಾ ಇಲ್ಲ ನಾನು. ಈರುಳ್ಳಿ.”

ಮದುವೆಯ ಬೆಳಿಗ್ಗೆ ಅಮ್ಮ ಬೈಬಲನ್ನು ಹಾಸಿಗೆಯ ಮೇಲಿಟ್ಟು ಒಂದೊಂದೇ ಕಾಗದ ಹೊರತೆಗೆದಳು. ಬಿಸಾಡಲಿಲ್ಲ, ಬೀರುವಿಗೆ ಹಾಕಿ ಬೀಗ ಹಾಕಿದಳು. ಇವನ ಆದೇಶದ ಕಾಗದವೂ ಸಿಕ್ಕಿತು. ಅದನ್ನು ಮಾತ್ರ ಹರಿದಳು. ಪುಸ್ತಕ ಮುಚ್ಚಿದಳು. ಅದು ಪೂರ್ತಿ ಮುಚ್ಚಿತು. ಅದನ್ನು ಎದೆಗೊತ್ತಿಕೊಂಡು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಳು.

ಅದೇ ಬೆಳಿಗ್ಗೆ ಹನ್ನೊಂದು ಗಂಟೆಗೆ, ಚರ್ಚಿನಲ್ಲಿ, ಅಮ್ಮನ ಎದುರಿಗೇ, ಹನ್ನೊಂದನೆಯ ವಯಸ್ಸಿನಲ್ಲಿ ಅವಳಿಗೆ ಕೊಟ್ಟ ಮಾತನ್ನು ನಾನು ಮುರಿದೆ.