ತೊಟ್ಟು ಹಿಡಿಯಲು ಒಬ್ಬರು

“ಇದು ಬೇಡ, ತುಂಬಾ ಭಾರ,” ಎಂದು ಅವಳು ಪುಟ್ಟ ಹೂವನ್ನೂ ದೊಡ್ಡದಾಗಿ ತೋರಿಸುವ ದೊಡ್ಡ ಮ್ಯಾಕ್ರೋ ಲೆನ್ಸನ್ನು ಗಾಜಿನ ಕೌಂಟರ್ ಮೇಲೆ ವಾಪಸ್ ಇಟ್ಟಳು.

ಲೆನ್ಸ್ ಅಂಗಡಿಯವನು ತಲೆ ಎತ್ತಲಿಲ್ಲ. “ಈ ಚಿಕ್ಕದು ಹಗುರ, ಜಾಕೆಟ್ ಜೇಬಲ್ಲೂ ಹಿಡಿಯುತ್ತೆ. ಬೆಟ್ಟ ಹತ್ತೋರಿಗೆ ಇದೇ ಸರಿ. ಆದ್ರೆ ಹೂವಿಗೆ ಮೂಗು ತಾಗೋಷ್ಟು ಹತ್ತಿರ ಹೋಗ್ಬೇಕು.”

ಅಯ್ಯೋ, ಬಾಯಿ ಬಿಟ್ಟರೆ ಲೆನ್ಸ್! ಅವಳಿಗೆ ಮೈಯೆಲ್ಲ ಉರಿಯಿತು. ಕಾಡುಹೂಗಳ ಪುಸ್ತಕಕ್ಕೆ ಫೋಟೋ ತೆಗೆಯಲು ನಾಳೆಯೇ ಬೆಟ್ಟಸಾಲಿಗೆ ಹೊರಡುವವಳು ಅವಳು. ಮರಳುವುದು ಹೂವಿನ ಕಾಲ ಮುಗಿದ ಮೇಲೆ. ಲೆನ್ಸ್ ಆರಿಸುವ ನೆಪದಲ್ಲಿ ವಾರವಿಡೀ ಇಲ್ಲಿಗೆ ಎಡತಾಕಿದ್ದಳು. ‘ನಾನೂ ಬರ್ಲಾ’ ಎಂಬ ಒಂದೇ ಒಂದು ಮಾತು ಈ ಮಹಾನುಭಾವನ ಬಾಯಿಂದ ಬೀಳಲಿ ಅಂತ.

ಕಳೆದ ಚಾರಣದಲ್ಲಿ, ಗಾಳಿಗೆ ಓಲಾಡುವ ಹೂಗಳ ತೊಟ್ಟನ್ನು ಅವಳಿಗಾಗಿ ದಿನವಿಡೀ ಹಿಡಿದು ಕೂತವನು ಇವನೇ. ಮಂಡಿ ತುಂಬ ಕೆಸರು, ಮುಖದ ತುಂಬ ನಗು. ಆ ನಗು ಅವಳ ನಿದ್ದೆ ಕೆಡಿಸಿತ್ತು.

“ನನ್ನ ಹಳೇ ಲೆನ್ಸಿಗೇ ಹತ್ತಿರದ್ದನ್ನ ತೆಗೆಯೋ ಟ್ಯೂಬ್ ಹಾಕಿದ್ರೆ?”

“ಅದು ಇನ್ನೂ ಹಗುರ. ಆದ್ರೆ ದೂರದ ಬೆಟ್ಟ ತೆಗೀಬೇಕಂದ್ರೆ ಪ್ರತಿ ಸಲ ಬಿಚ್ಚಬೇಕು, ಒಳಗೆ ಧೂಳು ಹೋಗುತ್ತೆ. ಚಿಕ್ಕ ಲೆನ್ಸಲ್ಲಿ ಎರಡೂ ಆಗುತ್ತೆ.” ಅವನು ಪುಟ್ಟ ಕ್ಲಿಪ್ ಒಂದನ್ನು ಮುಂದಿಟ್ಟ. “ಇದನ್ನೂ ತಗೊಳ್ಳಿ. ತೊಟ್ಟು ಅಲ್ಲಾಡದ ಹಾಗೆ ಹಿಡಿಯುತ್ತೆ.”

“ಕ್ಲಿಪ್ ಬೇಡ. ಹಿಡಿಯೋಕೆ ಒಬ್ರು ಬರ್ತಾರೆ ಅಂದ್ಕೊಂಡಿದ್ದೀನಿ.”

ಅವನ ಮುಖ ಸಪ್ಪಗಾಯಿತು. “ಓ... ಒಳ್ಳೇದಾಯ್ತು ಬಿಡಿ.”

ಒಳ್ಳೇದಾಯ್ತಂತೆ! ಅವಳು ಸರ್ರನೆ ಬ್ಯಾಗ್ ಹೆಗಲಿಗೇರಿಸಿದಳು.

ಒಳಗೆ ಕ್ಯಾಮೆರಾ ರಿಪೇರಿ ಮಾಡುತ್ತಿದ್ದ ಅವನ ಅಕ್ಕ ಸ್ಕ್ರೂಡ್ರೈವರ್ ಟಕ್ಕನೆ ಕೆಳಗಿಟ್ಟಳು. “ಲೋ, ಒಂದು ಫೋಟೋ ತೆಗೆದು ನೋಡೋಕಾದ್ರೂ ಕೊಡೋ!”

ಅವನು ಚಿಕ್ಕ ಲೆನ್ಸನ್ನು ಅವಳ ಕ್ಯಾಮೆರಾಕ್ಕೆ ಹಾಕಿಕೊಟ್ಟು, ಕಿಟಕಿಯ ಹೂಕುಂಡ ತಂದಿಟ್ಟು ತೊಟ್ಟು ಹಿಡಿದ. ಅವಳು ಉಸಿರು ಬಿಗಿಹಿಡಿದು ಬಾಗಿದಳು. ಒಂದು ಹಳದಿ ಹೂವು, ಕೆಳಗೆ ಅವನ ಎರಡು ಬೆರಳು. ಎಷ್ಟು ತಿರುಗಿಸಿದರೂ ಫೋಕಸ್ ನಿಲ್ಲಲೊಲ್ಲದು.

“ಗಾಳಿನೇ ಇಲ್ವಲ್ಲ, ಯಾಕೆ ಅಲ್ಲಾಡ್ತಿದೆ?”

ಲೆನ್ಸಿನಲ್ಲಿ ಬೆರಳುಗಳು ದೊಡ್ಡದಾಗಿ ಕಾಣುತ್ತಿದ್ದವು, ಸಣ್ಣಗೆ ನಡುಗುತ್ತಿದ್ದವು. ಬೆಟ್ಟದ ಆ ಗಾಳಿಯಲ್ಲೂ ಅಲುಗದ ಕೈ ಅದು!

“ಏನಾಯ್ತು ನಿಮಗೆ?” ಕಣ್ಣು ತೆಗೆಯದೆಯೇ ಕೇಳಿದಳು.

“ಆ ಒಬ್ರು ಯಾರು?” ಅವನು ಕೇಳಿದ. “ಕೇಳೋ ಹಕ್ಕು ನನಗಿಲ್ಲ. ಆದ್ರೆ ಆ ಜಾಗದಲ್ಲಿ ಬೇರೆಯವ್ರನ್ನ ಊಹಿಸ್ಕೊಳ್ಳೋಕೂ ಆಗ್ತಿಲ್ಲ.”

ಅವಳು ಕ್ಯಾಮೆರಾ ಕೆಳಗಿಳಿಸಿದಳು. “ಅವ್ರನ್ನ ನಾನಿನ್ನೂ ಕೇಳೇ ಇಲ್ಲ.” ಆಮೇಲೆ, ಮೊದಲ ಸಲ ಬಹುವಚನ ಬಿಟ್ಟು, “ಬರ್ತೀಯಾ?” ಎಂದಳು.

ಅವನು ತೊಟ್ಟು ಬಿಡುವುದನ್ನೇ ಮರೆತು ಅವಳನ್ನು ನೋಡುತ್ತ ನಿಂತ. ಕಣ್ಣು ತುಂಬಿ ಬಂದಿತ್ತು.

“ಹ್ಞೂಂ ಅನ್ನೋ ಪುಣ್ಯಾತ್ಮ!” ಒಳಗಿನಿಂದ ಅಕ್ಕ ಕೂಗಿದಳು. “ಅಂಗಡಿ ನಾನು ನೋಡ್ಕೋತೀನಿ. ವಾರದಿಂದ ನಿನ್ನ ಮೂತಿ ನೋಡಿ ನೋಡಿ ಸಾಕಾಗಿದೆ!”

“ಬರ್ತೀನಿ,” ಎಂದ ಅವನು. ಕೆಸರಿನ ದಿನದ ಆ ನಗು ಮುಖಕ್ಕೆ ಮರಳಿತ್ತು. “ಹಾಗಾದ್ರೆ ದೊಡ್ಡ ಲೆನ್ಸೇ ತಗೋ. ಹೊರೋಕೆ ನಾನಿದ್ದೀನಲ್ಲ.”

“ಬೇಡ, ಚಿಕ್ಕದೇ ಇರ್ಲಿ,” ಎಂದಳು ಅವಳು. “ಹತ್ತಿರ ಬರ್ಬೇಕಾಗುತ್ತೆ ಅಂತ ನೀನೇ ಹೇಳಿದ್ಯಲ್ಲ.”