ಮಂಜೂರಾದ ಕಿರುಚಾಟ

"ಏನ್ರೀ ಇದು? ಒಂದೇ ಹಾಡಲ್ಲಿ ಏಳು ಸಲ 'ಬೂಟು' ಬಂದಿದೆ!"

"ಒದೆ ಅದಕ್ಕಿಂತ ಜಾಸ್ತಿ ಬಿದ್ದಿದೆ ಸಾರ್. ಕಡಿಮೆ ಮಾಡೇ ಬರ್ದಿದ್ದೀನಿ."

ಸಾವೊ ಪಾಲೊದ ಸೆನ್ಸಾರ್ ಕಚೇರಿಯ ಕಿಟಕಿಯಾಚೆ ಗುಮಾಸ್ತ ಅದೆಮಿರ್ ನಗು ನುಂಗಿದ. ಈಚೆ ಜುಸಾರ ಕಣ್ಣಲ್ಲೇ ನುಂಗುವಂತೆ ನೋಡಿದಳು. ವಾರವೆಲ್ಲ ಅಂಗಿಗುಂಡಿ ಕಾರ್ಖಾನೆಯಲ್ಲಿ ದುಡಿಮೆ, ಭಾನುವಾರ ಕಿರುಚಿ ಹಾಡುವ ಪಂಕ್ ಸಂಗೀತ ತಂಡದ ಗಾಯಕಿ. ಮಿಲಿಟರಿ ಜನರಲ್‌ಗಳ ರಾಜ್ಯದಲ್ಲಿ ಕಿರುಚಬೇಕಾದರೂ ಮೂರು ಪ್ರತಿ ಟೈಪು ಮಾಡಿಸಿ ಠಸ್ಸೆ ಒತ್ತಿಸಿಕೊಳ್ಳಬೇಕಿತ್ತು!

ಅವಳ ಹಾಡಿನ ಆಕ್ರೋಶವನ್ನು ಅವನು ನೀರಿನ ಬಿಲ್ ಓದಿದಂತೆ ಗಟ್ಟಿಯಾಗಿ ಓದಿದ. ಅವಳಿಗೆ ನಗು ತಡೆಯಲಾಗಲಿಲ್ಲ.

ಛೆ... ಇಂಥವನ ಮುಂದೆ ನಗೋದಾ?

ಮೂರು ಸಲ ಹಾಡು ವಾಪಸ್ಸಾಯಿತು. ನಾಲ್ಕನೆಯ ಸಲ ಬೂಟಿನ ಜಾಗದಲ್ಲೆಲ್ಲ ಚಪ್ಪಲಿ ಬಂತು, ಠಸ್ಸೆ ಬಿತ್ತು.

"ಭಾನುವಾರ ಬರ್ತೀರಾ, ಸೆನ್ಸಾರ್ ಸಾರ್?"

"ಬರ್ಲೇಬೇಕು. ಡ್ಯೂಟಿ."

ಡ್ಯೂಟಿಗೆ ಯಾರ ಕಿವಿ ಹೀಗೆ ಕೆಂಪಾಗುತ್ತದೆ?

ಭಾನುವಾರ ಕಾರ್ಮಿಕ ಸಂಘದ ಸಭಾಂಗಣದಲ್ಲಿ ಅವನು ಮುಂದಿನ ಸಾಲಿನಲ್ಲೇ ಕೂತ. ತೊಡೆಯ ಮೇಲೆ ಮಂಜೂರಾದ ಕಾಗದ, ಸಾಲಿನ ಮೇಲೆ ಬೆರಳು. ಕಾಗದದಲ್ಲಿದ್ದದ್ದನ್ನೇ ಹಾಡಬೇಕೆಂಬುದು ಕಾನೂನು. ಜುಸಾರ ಚಪ್ಪಲಿ ಬಿಟ್ಟು, ಏಳೂ ಬೂಟು ಹಾಕಿಕೊಂಡು ಹಾಡಿದಳು!

ಅವನ ಪೆನ್ನು ಓಡುತ್ತಿತ್ತು.

ಮರುದಿನ ಪೊಲೀಸರು ಕಾರ್ಯಕ್ರಮದ ಅರ್ಜಿಗೆ ಸಹಿ ಹಾಕಿದ್ದ, ಡ್ರಮ್ ಬಾರಿಸುವ ಅವಳ ತಮ್ಮ ದೊರಿವಾಲ್‌ನನ್ನು ಎಳೆದೊಯ್ದರು.

"ಡ್ಯೂಟಿ ಚೆನ್ನಾಗಿ ಮಾಡ್ದೆ ಕಣೋ, ನಾಯಿ!"

ಜುಸಾರ ಸೆನ್ಸಾರ್ ಕಚೇರಿಗೆ ನುಗ್ಗಿ ಕಿರುಚಿದಳು. ಕಿಟಕಿಯಾಚೆ ಅದೆಮಿರ್ ಬಾಯಿ ತೆರೆದ. ಬೆನ್ನ ಹಿಂದೆ ಸಾಹೇಬರು ಕೆಮ್ಮಿದರು. ಬಾಯಿ ಮುಚ್ಚಿಕೊಂಡ.

ಹನ್ನೊಂದು ದಿನಗಳ ಮೇಲೆ ದೊರಿವಾಲ್ ಮನೆಗೆ ಬಂದ. ಬಲಗೈಯ ಮೂರು ಬೆರಳು ಮಡಚುತ್ತಿರಲಿಲ್ಲ.

"ಅಕ್ಕಾ, ಪೊಲೀಸ್ರಿಗೆ ಚಾಡಿ ಹೇಳಿದ್ದು ಸಭಾಂಗಣದ ಕಾವಲುಗಾರ. ಆ ಗುಮಾಸ್ತ 'ಒಂದಕ್ಷರವೂ ಬದಲಾಗಿಲ್ಲ' ಅಂತ ವರದೀಲಿ ಬರ್ದಿದ್ದ. ಸರ್ಕಾರಿ ಕಾಗದಾನೇ ಸುಳ್ಳು ಅನ್ನೋಕಾಗದೆ ನನ್ನ ಬಿಟ್ರು. ಸಿಟ್ಟಿಗೆ ಅವನ ಕೆಲ್ಸ ಕಿತ್ಕೊಂಡ್ರು."

ದೇವರೇ... ಯಾರಿಗೆ ನಾಯಿ ಅಂದುಬಿಟ್ಟೆ!

ಬೀದಿ ಸಂತೆಯಲ್ಲಿ ಅದೆಮಿರ್ ಕಿತ್ತಳೆ ಮಾರುತ್ತಿದ್ದ.

"ಕ್ಷಮಿಸ್ಬಿಡು..." ಅವಳು ಅವನ ಗಾಡಿಯ ಮುಂದೆ ಬಂದು ನಿಂತಳು.

"ಬೇಡ ಜುಸಾರ. ನಿನ್ನೊಂದು ಹಾಡಿಗೆ ಸುಳ್ಳು ಬರೆದೆ, ನಿಜ. ಅದಕ್ಕೆ ಮುಂಚೆ ಆರು ವರ್ಷ ಎಷ್ಟು ಜನರ ಹಾಡು ಕೊಯ್ದಿದ್ದೀನಿ ಗೊತ್ತಾ? ಅವರ್ಯಾರೂ ನಿನ್ನ ಹಾಗೆ ನಗ್ಲಿಲ್ಲ, ಅಷ್ಟೇ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಅದನ್ನ ನಾನು ಕ್ಷಮಿಸೋಕಾಗಲ್ಲ. ಅವು ನನ್ನ ಹಾಡುಗಳಲ್ಲ."

"ಗೊತ್ತು."

"ಆದ್ರೂ ನಿನ್ನ ಬಿಟ್ಟು ಹೋಗೋಕೆ ಕಾಲೇ ಬರ್ತಿಲ್ಲ ನೋಡು... ಥೂ, ನನ್ನ ಪ್ರೀತಿಗಿಷ್ಟು ಬೆಂಕಿ ಹಾಕ!"

ಅವಳು ಖಾಲಿ ಪೆಟ್ಟಿಗೆಯ ಮೇಲೆ ಕುಸಿದು ಕೂತಳು.

"ಕೊಯ್ದ ಸಾಲು ನೆನಪಿದ್ಯಾ?"

"ಒಂದೂ ಮರೆತಿಲ್ಲ. ಅದೇ ಶಿಕ್ಷೆ."

"ಹೇಳು. ನಾವು ಹಾಡ್ತೀವಿ."

"ಡ್ರಮ್?"

"ತಮ್ಮ ಎಡಗೈಲೇ ಬಾರ್ಸೋದು ಕಲೀತಿದ್ದಾನೆ."

ಅವನ ಕಣ್ಣು ತುಂಬಿತು. "ಮೊದ್ಲು ಒಂದು ಹಣ್ಣು ಸುಲಿದು ಕೊಡ್ಲಾ?"

"ಕೊಡು. ಸುಲೀತಾ ಹೇಳು."